ತಕ್ಕಡಿಯಿಲ್ಲದ ವ್ಯಾಪಾರ
ಅಚೌರ್ಯಾಣುವ್ರತದ ಬೆಳಕಿನಲ್ಲಿ ಒಂದು ಸಣ್ಣ ಸಂಸ್ಥೆಯ ಇತಿಹಾಸ

ಶ್ರಾವಕನಿಗೆ ವಿಧಿಸಲಾದ ಪಂಚಾಣುವ್ರತಗಳಲ್ಲಿ ಅಂಗಡಿಯ ಹೊಸ್ತಿಲಿಗೆ ಅತ್ಯಂತ ಸಮೀಪವಾದುದು ಅಚೌರ್ಯಾಣುವ್ರತ. ಪರರು ಕೊಡದುದನ್ನು ತೆಗೆದುಕೊಳ್ಳಬಾರದೆಂಬುದು ಅದರ ಸಾರ. ಈ ವ್ರತಕ್ಕೆ ಕಳಂಕ ತರುವ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಎಣಿಸಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಸುಳ್ಳು ತೂಕ ಮತ್ತು ಅಳತೆಗಳನ್ನು ಬಳಸುವುದು, ಒಳ್ಳೆಯ ಪದಾರ್ಥದ ಹೆಸರಿನಲ್ಲಿ ಕಲಬೆರಕೆಯನ್ನು ಮಾರುವುದು ಇವೇ ಆ ಐದು. ಇವುಗಳಲ್ಲಿ ಕೊನೆಯ ನಾಲ್ಕೂ ನೇರವಾಗಿ ವ್ಯಾಪಾರಿಯನ್ನೇ ಕುರಿತವು ಎಂಬುದು ಗಮನಿಸಬೇಕಾದ ಸಂಗತಿ. ಕನ್ನ ಹಾಕುವ ಕಳ್ಳನಿಗಿಂತ ಗದ್ದುಗೆಯ ಮೇಲೆ ಕುಳಿತ ಸಾಹುಕಾರನಿಗೇ ಎಚ್ಚರಿಕೆ ಹೆಚ್ಚು ಬೇಕೆಂದು ಶಾಸ್ತ್ರಕಾರರು ಬಗೆದಂತಿದೆ.

ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಂತಹ ಊರಿನಲ್ಲಿ ಈ ಮಾತಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಕೋಟೆಯ ನೆರಳಿನ ಆ ಊರಿನ ರೈತರಿಗೂ ಔರಾದ, ಬೀದರ ಕಡೆಯ ರೈತರಿಗೂ ತೊಗರಿ, ಉದ್ದು, ಹೆಸರು, ಸೋಯಾ ಇವೇ ಜೀವನಾಧಾರ. ಕಾಳು ಕಾಟಾದ ಮೇಲೆ ಏರುವ ಕ್ಷಣದಲ್ಲಿ ರೈತನ ಕಣ್ಣು ಮುಳ್ಳಿನ ಮೇಲಿರುತ್ತದೆ. ಅಡತಿ ಅಂಗಡಿಯವನು ಒಳ್ಳೆಯವನೋ ಅಲ್ಲವೋ ಎಂಬುದು ಅವನ ಮಾತಿನಿಂದ ತಿಳಿಯುವುದಿಲ್ಲ; ಕಾಟಾದಿಂದ ತಿಳಿಯುತ್ತದೆ. ಕೈಯಲ್ಲಿ ಹಿಡಿದು, ಬಾಯಲ್ಲಿ ಕಚ್ಚಿ, ತೂಗಿ ನೋಡಬಹುದಾದ ಮಾಲಿನಲ್ಲಿ ಮೋಸಕ್ಕೆ ಒಂದು ಮಿತಿಯಿದೆ.

ಆದರೆ ತೂಗಲು ಬಾರದ, ಕಣ್ಣಿಗೆ ಕಾಣದ ಮಾಲನ್ನು ಮಾರುವವನ ಅಚೌರ್ಯವನ್ನು ಅಳೆಯುವುದು ಹೇಗೆ? ಈ ಪ್ರಶ್ನೆ ಇಂದು ಭಾಲ್ಕಿಯ ಮನೆ ಬಾಗಿಲಿಗೇ ಬಂದಿದೆ. ಬೀದರದಲ್ಲಿ 1980ರಲ್ಲಿ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜು, ಭಾಲ್ಕಿಯಲ್ಲಿ 1982ರಲ್ಲಿ ಗ್ರಾಮೀಣ ಇಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ಅಡತಿ ಅಂಗಡಿಗಳ ಮಕ್ಕಳೂ ರೈತರ ಮಕ್ಕಳೂ ಗಣಕಯಂತ್ರದ ವಿದ್ಯೆ ಕಲಿತು ಹೈದರಾಬಾದ್, ಪುಣೆ, ಬೆಂಗಳೂರುಗಳಿಗೆ ಹೋಗುತ್ತಿದ್ದಾರೆ. ಕೆಲವರು ಪರರ ಕೈಕೆಳಗೆ ದುಡಿದು ತಾವೇ ಒಂದು ಸಣ್ಣ ಸಂಸ್ಥೆ ಕಟ್ಟಬೇಕೆಂದು ಹಂಬಲಿಸುತ್ತಾರೆ. ಅವರು ಮಾರುವುದು ಸಾಫ್ಟ್‌ವೇರ್ ಸೇವೆಯನ್ನು. ಅಲ್ಲಿ ಚೀಲವಿಲ್ಲ, ಕಾಟಾ ಇಲ್ಲ, ಕೊಳ್ಳುವವನು ಅನೇಕ ವೇಳೆ ಸಾವಿರಾರು ಮೈಲಿ ದೂರದಲ್ಲಿರುತ್ತಾನೆ. ಇಂತಹ ವ್ಯಾಪಾರಕ್ಕೆ ಕನ್ನಡ ನಾಡಿನಲ್ಲಿಯೇ ನಡೆದ ಒಂದು ಇತಿಹಾಸವು ಉತ್ತರವನ್ನು ಒದಗಿಸುತ್ತದೆ. ಇನ್ಫೋಸಿಸ್ ಸಂಸ್ಥೆಯ ಮೊದಲ ಹದಿನೈದು ವರ್ಷಗಳ ಕಥೆಯೇ ಅದು.

ಲೆಕ್ಕದ ಪರಂಪರೆ

ಆ ಕಥೆಗೆ ಹೋಗುವ ಮೊದಲು ಒಂದು ಮಾತನ್ನು ನೆನೆಯುವುದು ಉಚಿತ. ಲೆಕ್ಕವನ್ನೂ ಧರ್ಮವನ್ನೂ ಬೇರೆ ಬೇರೆಯಾಗಿ ಇಡದ ಪರಂಪರೆಯೊಂದು ಈ ಭಾಗದಲ್ಲಿ ಪ್ರಾಚೀನ ಕಾಲದಿಂದ ಬಂದಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟ, ಇಂದಿನ ಮಳಖೇಡ, ನೆರೆಯ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ. ಆ ಅರಸನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಬಡ್ಡಿಯ ಲೆಕ್ಕ, ಪಾಲುಗಾರಿಕೆಯ ಲೆಕ್ಕ, ಬಂಗಾರದ ಶುದ್ಧತೆಯ ಲೆಕ್ಕ ಇವೆಲ್ಲವೂ ಅದರಲ್ಲಿ ಸ್ಥಾನ ಪಡೆದಿವೆ. ಹನ್ನೆರಡನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ಪಾಲುಗಾರರಲ್ಲಿ ಯಾರಿಗೆ ಎಷ್ಟು ಸಲ್ಲಬೇಕೋ ಅಷ್ಟನ್ನು ತಪ್ಪಿಲ್ಲದೆ ಎಣಿಸಿ ಕೊಡುವುದೂ ಒಂದು ವಿಧದ ವ್ರತಪಾಲನೆಯೇ ಆಗಿದೆ.

ಇನ್ಫೋಸಿಸ್ ಕಟ್ಟಿದವರು ಅಣುವ್ರತಗಳ ಹೆಸರು ಹೇಳಿ ನಡೆದವರಲ್ಲ. ಆದರೆ ವ್ರತದ ತಿರುಳು ಆಚರಣೆಯಲ್ಲಿ ಎಲ್ಲಿ ಕಂಡರೂ ಅದನ್ನು ಗುರುತಿಸುವುದು ಶ್ರಾವಕನ ಗುಣಗ್ರಾಹಿತ್ವಕ್ಕೆ ಸಲ್ಲುವ ಕೆಲಸ.

ಹತ್ತು ಸಾವಿರ ರೂಪಾಯಿ

ಎನ್. ಆರ್. ನಾರಾಯಣಮೂರ್ತಿಯವರು 1946ರಲ್ಲಿ ಶಿಡ್ಲಘಟ್ಟದಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರು. ಮೈಸೂರಿನ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1967ರಲ್ಲಿ ಪದವಿ, ಕಾನ್ಪುರದ ಐಐಟಿಯಲ್ಲಿ 1969ರಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅಹಮದಾಬಾದಿನಲ್ಲಿಯೂ ಅನಂತರ ಪ್ಯಾರಿಸ್‌ನಲ್ಲಿಯೂ ದುಡಿದರು. 1974ರಲ್ಲಿ ಪ್ಯಾರಿಸ್‌ನಿಂದ ಭೂಮಾರ್ಗವಾಗಿ ತಾಯ್ನಾಡಿಗೆ ಮರಳುವಾಗ ಯುಗೋಸ್ಲಾವಿಯ ಮತ್ತು ಬಲ್ಗೇರಿಯ ದೇಶಗಳ ಗಡಿಯಲ್ಲಿ ಪೊಲೀಸರು ಅವರನ್ನು ಅನ್ನ ನೀರಿಲ್ಲದೆ ಕೂಡಿಹಾಕಿದರು. ಅದುವರೆಗೆ ಸಮತಾವಾದದ ಕಡೆಗೆ ಒಲಿದಿದ್ದ ಅವರ ಮನಸ್ಸು, ಬಡತನ ನೀಗಬೇಕಾದರೆ ಉದ್ಯಮ ಕಟ್ಟಿ ಉದ್ಯೋಗ ಸೃಷ್ಟಿಸುವುದೇ ದಾರಿಯೆಂಬ ನಿರ್ಣಯಕ್ಕೆ ಬಂದಿತು.

ನಿರ್ಣಯ ಮಾಡಿದ ಮಾತ್ರಕ್ಕೆ ಯಶಸ್ಸು ಒಲಿಯಲಿಲ್ಲ. ಅವರು 1976ರಲ್ಲಿ ಆರಂಭಿಸಿದ ಸಾಫ್ಟ್ರಾನಿಕ್ಸ್ ಎಂಬ ಸಂಸ್ಥೆ ಸುಮಾರು ಒಂದೂವರೆ ವರ್ಷದಲ್ಲಿ ಮುಚ್ಚಿತು. ದೇಶದಲ್ಲಿ ಗಣಕಯಂತ್ರಗಳೇ ವಿರಳವಾಗಿದ್ದಾಗ ಅವುಗಳಿಗೆ ಬೇಕಾದ ಸೇವೆಯನ್ನು ಕೊಳ್ಳುವವರು ಎಲ್ಲಿಂದ ಬಂದಾರು? ಸೋಲಿನಿಂದ ಈ ಪಾಠ ಕಲಿತ ಮೂರ್ತಿಯವರು ಪಾಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ನೌಕರಿಗೆ ಸೇರಿದರು. ಅಂಗಡಿ ಮುಚ್ಚಿದ ಮೇಲೆ ಮತ್ತೊಬ್ಬರ ಅಂಗಡಿಯಲ್ಲಿ ಗುಮಾಸ್ತನಾಗಲು ಹಿಂಜರಿಯುವ ಅಭಿಮಾನವೇ ಅನೇಕರ ಎರಡನೆಯ ಯತ್ನಕ್ಕೆ ಅಡ್ಡಿಯಾಗುತ್ತದೆ. ಮೂರ್ತಿಯವರಲ್ಲಿ ಅಂತಹ ಅಭಿಮಾನ ಅಡ್ಡಿಯಾಗಲಿಲ್ಲ.

ಅದೇ ಸಂಸ್ಥೆಯ ಏಳು ಮಂದಿ ಇಂಜಿನಿಯರರು ಸೇರಿ 1981ರ ಜುಲೈ ತಿಂಗಳಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಸಂಸ್ಥೆಯನ್ನು ನೋಂದಾಯಿಸಿದರು. ಮೂರ್ತಿಯವರೊಂದಿಗೆ ನಂದನ್ ನಿಲೇಕಣಿ, ಎನ್. ಎಸ್. ರಾಘವನ್, ಎಸ್. ಗೋಪಾಲಕೃಷ್ಣನ್, ಎಸ್. ಡಿ. ಶಿಬುಲಾಲ್, ಕೆ. ದಿನೇಶ್, ಅಶೋಕ್ ಅರೋರಾ ಇದ್ದರು. ಮೂಲ ಬಂಡವಾಳ 10,000 ರೂಪಾಯಿ. ಅದು ಶಿಗ್ಗಾಂವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ, ಸ್ವತಃ ಉದ್ಯೋಗಸ್ಥೆಯಾಗಿದ್ದ ಸುಧಾ ಮೂರ್ತಿಯವರ ಉಳಿತಾಯದ ಹಣ. ಮನೆಯ ಹೆಣ್ಣುಮಗಳ ಗಂಟು ವ್ಯಾಪಾರದ ಮೊದಲ ಬಂಡವಾಳವಾಗುವುದು ನಮ್ಮ ವ್ಯಾಪಾರಿ ಮನೆತನಗಳಿಗೆ ಹೊಸದಲ್ಲ. ಅದಕ್ಕೆ ಖಾತೆಯಲ್ಲಿ ಹೆಸರು ಬೀಳುವುದು ಅಪರೂಪ. ಇಲ್ಲಿ ಆ ಹೆಸರು ಮರೆಯಾಗಲಿಲ್ಲ.

ಈ ಆರಂಭದ ಎರಡು ಸಂಗತಿಗಳು ಮನನೀಯವಾಗಿವೆ. ಸಂಸ್ಥೆಯ ಮುಖ್ಯಸ್ಥರಾದ ಮೂರ್ತಿಯವರು ಅದರ ನೌಕರರ ಪಟ್ಟಿಯಲ್ಲಿ ಮೊದಲಿಗರಲ್ಲ, ನಾಲ್ಕನೆಯವರು. ಹಿಂದಿನ ಸಂಸ್ಥೆಯಲ್ಲಿ ಒಪ್ಪಿಕೊಂಡಿದ್ದ ಕೆಲಸ ಮುಗಿಯುವ ತನಕ ಅವರು ಅಲ್ಲಿಯೇ ಉಳಿದು, ಆಮೇಲೆ ತಮ್ಮದೇ ಸಂಸ್ಥೆಗೆ ಬಂದರು. ಹಳೆಯ ಧಣಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬರುವುದೂ ಕೊಡದುದನ್ನು ತೆಗೆದುಕೊಂಡಂತೆಯೇ ಸರಿ. ಇನ್ನೊಂದು ಸಂಗತಿ ವೇತನದ್ದು. ಹಿರಿಯರಾದ ತಾವು ಹಿಂದಿನ ಸಂಬಳದ ಅಲ್ಪ ಭಾಗವನ್ನು ಮಾತ್ರ ಪಡೆದು, ಕಿರಿಯ ಪಾಲುಗಾರರಿಗೆ ಅವರ ಹಿಂದಿನ ಸಂಬಳಕ್ಕಿಂತ ಹೆಚ್ಚು ಕೊಟ್ಟುದಾಗಿ ಮೂರ್ತಿಯವರು ಹೇಳಿಕೊಂಡಿದ್ದಾರೆ. ಕಷ್ಟದ ಭಾರ ಮೊದಲು ಹಿರಿಯನ ಹೆಗಲ ಮೇಲೆ ಬೀಳಬೇಕೆಂಬುದು ಅವಿಭಕ್ತ ಕುಟುಂಬದ ಯಜಮಾನನ ಧರ್ಮ. ಅದು ಇಲ್ಲಿ ಸಂಸ್ಥೆಯ ಧರ್ಮವಾಯಿತು.

ಕಾಯುವ ವರ್ಷಗಳು

ಗಣಕಯಂತ್ರದ ಕೆಲಸ ಮಾಡುವ ಆ ಸಂಸ್ಥೆಯಲ್ಲಿ ಆರಂಭದಲ್ಲಿ ಗಣಕಯಂತ್ರವೇ ಇರಲಿಲ್ಲ. ಮೊದಲ ಗಿರಾಕಿಯಾದ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್ ಕಾರ್ಪೊರೇಷನ್ನಿನ ಕೆಲಸಕ್ಕಾಗಿ ಪಾಲುಗಾರರು ಅಮೆರಿಕಕ್ಕೇ ಹೋಗಿ ದುಡಿದರು. ಆ ಕಾಲದಲ್ಲಿ ಯಂತ್ರವನ್ನು ಆಮದು ಮಾಡಿಕೊಳ್ಳಲು ದೆಹಲಿಯ ಪರವಾನಗಿ ಬೇಕಾಗಿತ್ತು. ಅದಕ್ಕಾಗಿ ವರ್ಷಗಟ್ಟಲೆ ಹತ್ತಾರು ಬಾರಿ ದೆಹಲಿಗೆ ಅಲೆಯಬೇಕಾಯಿತು. ದೂರವಾಣಿಯ ಒಂದು ಸಂಪರ್ಕಕ್ಕೆ ವರ್ಷ ಕಾಯಬೇಕಾಗಿತ್ತು. ವಿದೇಶ ಪ್ರಯಾಣಕ್ಕೆ ಬೇಕಾದ ಅಲ್ಪಸ್ವಲ್ಪ ವಿದೇಶಿ ಹಣಕ್ಕೂ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕಾಗಿತ್ತು.

1983ರಲ್ಲಿ ಸಂಸ್ಥೆ ಬೆಂಗಳೂರಿಗೆ ಬಂದಿತು. ಅಲ್ಲಿನ ಮೈಕೋ ಕಾರ್ಖಾನೆಯ ಕೆಲಸ ಸಿಕ್ಕಿತ್ತು. ಡೇಟಾ ಜನರಲ್ ಕಂಪನಿಯ ಎಂವಿ 8000 ಎಂಬ ಯಂತ್ರ ಆಮದಾಯಿತು. ಆಮದಿನ ವೇಳೆ ಲಂಚದ ನಿರೀಕ್ಷೆ ಎದುರಾಯಿತೆಂದೂ, ಲಂಚ ಕೊಡದೆ, ತಮಗೆ ಸಲ್ಲಬೇಕಾದ ರಿಯಾಯಿತಿಯನ್ನು ಕಳೆದುಕೊಂಡು ಹೆಚ್ಚಿನ ಸುಂಕವನ್ನೇ ಕಟ್ಟಿ, ಮೇಲ್ಮನವಿಯ ದಾರಿ ಹಿಡಿದೆವೆಂದೂ ಮೂರ್ತಿಯವರು ಹೇಳಿದ್ದಾರೆ. ಕೈಯಲ್ಲಿ ಹಣವಿದ್ದವನು ಇಂತಹ ಹಟ ಹಿಡಿಯುವುದು ಸುಲಭ. ಸಾಲ ತಂದು ವ್ಯಾಪಾರ ಮಾಡುವವನು ಹಿಡಿದಾಗ ಅದು ವ್ರತವೆನಿಸುತ್ತದೆ. ರಾಜ್ಯದ ಕಟ್ಟಳೆ ಎಷ್ಟೇ ಕಠಿಣವಾಗಿದ್ದರೂ ಅದನ್ನು ಕಳ್ಳದಾರಿಯಿಂದ ದಾಟಬಾರದೆಂಬುದೇ ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರದ ಉದ್ದೇಶ. ಕಟ್ಟಳೆ ತಪ್ಪೆಂದು ತೋರಿದರೆ ಅದನ್ನು ಬದಲಿಸಲು ಬಹಿರಂಗವಾಗಿ ಹೇಳುವ ಹಕ್ಕು ವ್ಯಾಪಾರಿಗೆ ಇದ್ದೇ ಇದೆ.

1980ರ ದಶಕದ ಕೊನೆಗೆ ಕರ್ಟ್ ಸಾಲ್ಮನ್ ಅಸೋಸಿಯೇಟ್ಸ್ ಎಂಬ ಅಮೆರಿಕದ ಸಂಸ್ಥೆಯೊಡನೆ ಮಾಡಿಕೊಂಡಿದ್ದ ಜಂಟಿ ವ್ಯವಹಾರ ಮುರಿದುಬಿದ್ದಿತು. 1989ರಲ್ಲಿ ಅಶೋಕ್ ಅರೋರಾ ಸಂಸ್ಥೆಯನ್ನು ಬಿಟ್ಟರು. 1990ರ ಚಳಿಗಾಲದಲ್ಲಿ ಬೆಂಗಳೂರಿನ ಸಣ್ಣ ಕಚೇರಿಯೊಂದರಲ್ಲಿ ಪಾಲುಗಾರರು ಸೇರಿದರು. ಸಂಸ್ಥೆಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವೆವೆಂಬ ಪ್ರಸ್ತಾಪ ಮುಂದಿತ್ತು. ಒಂಬತ್ತು ವರ್ಷ ದುಡಿದು ಮನೆ, ಕಾರುಗಳನ್ನೂ ಕಾಣದ ಅವರಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ.

ಆ ಸಭೆಯಲ್ಲಿ ಮೂರ್ತಿಯವರು ಮೊದಲು ಮಾತನಾಡಲಿಲ್ಲ. ಕಿರಿಯರೆಲ್ಲರೂ ತಮ್ಮ ಕಷ್ಟ, ಆಸೆ, ಭಯಗಳನ್ನು ಹೇಳಿ ಮುಗಿಸುವ ತನಕ ಕೇಳಿದರು. ಕೊನೆಗೆ, ಮಾರಬೇಕೆನ್ನುವವರ ಪಾಲನ್ನು ತಾವೇ ಕೊಳ್ಳುವುದಾಗಿ ಹೇಳಿದರು. ಕೊಳ್ಳಲು ಅವರ ಕೈಯಲ್ಲಿ ಹಣವಿರಲಿಲ್ಲ; ಕೆಲಸದ ಮೇಲೆ ನಂಬಿಕೆ ಮಾತ್ರ ಇತ್ತು. ಸುಮಾರು ಒಂದು ಗಂಟೆಯ ಚರ್ಚೆಯ ಬಳಿಕ ಎಲ್ಲರೂ ಉಳಿಯಲು ಒಪ್ಪಿದರು. ಈ ಘಟನೆಯಲ್ಲಿ ಧೈರ್ಯವನ್ನು ಎಲ್ಲರೂ ಕಾಣುತ್ತಾರೆ. ಧೈರ್ಯಕ್ಕೆ ಮುಂಚೆ ಕೇಳುವ ತಾಳ್ಮೆ ಇತ್ತೆಂಬುದನ್ನು ಮರೆಯಬಾರದು. ದಶಲಕ್ಷಣ ಧರ್ಮಗಳಲ್ಲಿ ಎರಡನೆಯದಾದ ಉತ್ತಮ ಮಾರ್ದವವೆಂದರೆ ಮಾನಕಷಾಯವನ್ನು ಗೆಲ್ಲುವುದು. ಯಜಮಾನನು ಮೊದಲೇ ಮಾತನಾಡಿದ್ದರೆ ಕಿರಿಯರು ತಲೆಯಾಡಿಸಿ ಒಳಗೇ ಬೇಯುತ್ತಿದ್ದರು. ಅವರ ಮಾತು ಹೊರಗೆ ಬಂದುದರಿಂದಲೇ ಅವರ ಒಪ್ಪಿಗೆಯೂ ನಿಜವಾಯಿತು.

ಪುಸ್ತಕವೇ ತಕ್ಕಡಿ

1991ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರ ಹೊಸ ಕೈಗಾರಿಕಾ ನೀತಿಯನ್ನು ಪ್ರಕಟಿಸಿತು. ಪರವಾನಗಿಯ ಸಂಕೋಲೆ ಸಡಿಲವಾಯಿತು. ಇನ್ಫೋಸಿಸ್ 1993ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ಷೇರುಗಳನ್ನು ನೀಡಿತು. ಒಂದು ಷೇರಿಗೆ 95 ರೂಪಾಯಿ. ಇಂದು ಕೇಳಿದರೆ ನಂಬುವುದು ಕಷ್ಟವಾದರೂ, ಅಂದು ಷೇರುಗಳಿಗೆ ಸಾಕಷ್ಟು ಅರ್ಜಿಗಳು ಬರಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಎಂಬ ಅಮೆರಿಕದ ಸಂಸ್ಥೆ ಸುಮಾರು ನೂರಕ್ಕೆ ಹದಿಮೂರು ಪಾಲನ್ನು ಕೊಂಡು ಅದನ್ನು ಪಾರುಮಾಡಿತು. ಕಣ್ಣಿಗೆ ಕಾಣದ ಮಾಲನ್ನು ಮಾರುವ ಸಂಸ್ಥೆಯನ್ನು ನಂಬುವುದು ಹೇಗೆಂಬ ಅನುಮಾನ ಜನರಲ್ಲಿ ಸಹಜವಾಗಿಯೇ ಇತ್ತು.

ಈ ಅನುಮಾನಕ್ಕೆ ಸಂಸ್ಥೆ ಕೊಟ್ಟ ಉತ್ತರವೇ ಈ ಇತಿಹಾಸದ ಮುಖ್ಯ ಪಾಠ. ಮಾಲನ್ನು ತೋರಿಸಲು ಬಾರದಿದ್ದರೆ ಪುಸ್ತಕವನ್ನಾದರೂ ತೋರಿಸಬೇಕು. ಕಾನೂನು ಕೇಳಿದ್ದಕ್ಕಿಂತ ಹೆಚ್ಚಿನ ವಿವರವನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸುವ ರೂಢಿ ಬೆಳೆಯಿತು. ಹೇಳಬೇಕೋ ಬೇಡವೋ ಎಂಬ ಸಂಶಯ ಬಂದಲ್ಲಿ ಹೇಳುವುದೇ ನಿಯಮವೆಂದು ಮೂರ್ತಿಯವರು ಸಾರಿದರು. ಷೇರುಪೇಟೆಯಲ್ಲಿ ಸಂಸ್ಥೆಯ ಹಣ ತೊಡಗಿಸಿ ನಷ್ಟವಾದಾಗ ಅದನ್ನೂ ಷೇರುದಾರರ ಮುಂದಿಟ್ಟರು. ಲಾಭದ ಸುದ್ದಿಯಷ್ಟೇ ಬೇಗನೆ ನಷ್ಟದ ಸುದ್ದಿಯೂ ಖಾತೆಯಿಂದ ಹೊರಗೆ ಬರಬೇಕೆಂಬ ಈ ರೂಢಿಯಿಂದ ವ್ಯಾಪಾರಿಯ ಪತ್ತು ಕುಂದಲಿಲ್ಲ, ಬೆಳೆಯಿತು. 1999ರ ಮಾರ್ಚ್ 11ರಂದು ಅಮೆರಿಕದ ನ್ಯಾಸ್ಡಾಕ್ ಷೇರುಪೇಟೆಯ ಪಟ್ಟಿಗೆ ಸೇರಿದ ಭಾರತದಲ್ಲಿ ನೋಂದಾಯಿತವಾದ ಮೊದಲ ಕಂಪನಿಯೆಂಬ ಹೆಸರು ಇನ್ಫೋಸಿಸ್‌ಗೆ ಬಂದಿತು.

ಸಂಪತ್ತು ಬೆಳೆದಂತೆ ಅದನ್ನು ಹಂಚುವ ಪ್ರಶ್ನೆಯೂ ಬಂದಿತು. 1994ರ ಸುಮಾರಿಗೆ ನೌಕರರಿಗೂ ಷೇರು ಕೊಡುವ ಯೋಜನೆ ಜಾರಿಗೆ ಬಂದಿತು. ಸಾಮಾನ್ಯ ಮನೆಗಳಿಂದ ಬಂದ ನೌಕರರು ಸಂಸ್ಥೆಯ ಪಾಲುಗಾರರಾದರು. ಪರಿಗ್ರಹಪರಿಮಾಣವ್ರತವು ಶ್ರಾವಕನಿಗೆ ಗಳಿಸಬೇಡವೆಂದು ಹೇಳುವುದಿಲ್ಲ. ಗಳಿಕೆಗೆ ಒಂದು ಎಲ್ಲೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕೆಂದು ಹೇಳುತ್ತದೆ. ದುಡಿದವನಿಗೆ ಪಾಲು ಕೊಟ್ಟ ಯಜಮಾನನು ತನ್ನ ಎಲ್ಲೆಯನ್ನು ತಾನೇ ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡಂತೆ ಆಯಿತು. ಮೂರ್ತಿಯವರು ಶ್ರೀಮಂತರಾದ ಮೇಲೂ ಜಯನಗರದ ಸಾಧಾರಣ ಮನೆಯಲ್ಲಿ ಬಹುಕಾಲ ವಾಸಿಸಿದರು. ಮನೆಯ ಶೌಚಾಲಯವನ್ನು ತಾವೇ ತೊಳೆಯುವ ಅಭ್ಯಾಸವನ್ನು ಬಿಡಲಿಲ್ಲ.

1995ರಲ್ಲಿ ಮತ್ತೊಂದು ಪರೀಕ್ಷೆ ಬಂದಿತು. ಸಂಸ್ಥೆಯ ಆದಾಯದಲ್ಲಿ ಸುಮಾರು ನಾಲ್ಕನೆಯ ಒಂದಂಶವನ್ನು ಕೊಡುತ್ತಿದ್ದ ಅಮೆರಿಕದ ಬೃಹತ್ ಗಿರಾಕಿಯೊಬ್ಬರು ಬೆಲೆಯನ್ನು ತೀವ್ರವಾಗಿ ಇಳಿಸಲು ಪಟ್ಟುಹಿಡಿದರು. ಆ ಬೆಲೆಗೆ ಒಪ್ಪಿದರೆ ಕೆಲಸದ ಗುಣ ಕೆಡುವುದು ಖಂಡಿತವಿತ್ತು. ಇನ್ಫೋಸಿಸ್ ಒಪ್ಪಲಿಲ್ಲ. ಆದರೆ ಸಿಟ್ಟಿನಿಂದ ಕೈಬಿಡಲೂ ಇಲ್ಲ. ಅವರು ಬೇರೆ ಯಾರನ್ನು ಆರಿಸಿಕೊಂಡರೂ ಕೆಲಸವನ್ನು ಅವರ ಕೈಗೆ ಸುಸೂತ್ರವಾಗಿ ಒಪ್ಪಿಸಿಕೊಡುವೆವೆಂದು ಮಾತು ಕೊಟ್ಟಿತು. ಹೋಗುವ ಗಿರಾಕಿಯನ್ನು ಗೌರವದಿಂದ ಕಳುಹಿಸುವುದು ಬರುವ ಗಿರಾಕಿಯನ್ನು ಸ್ವಾಗತಿಸುವುದಕ್ಕಿಂತ ಕಷ್ಟ. ಮುಂದೆ ಒಬ್ಬನೇ ಗಿರಾಕಿಯ ಮೇಲೆ ಅತಿಯಾಗಿ ಅವಲಂಬಿಸಬಾರದೆಂಬ ಕಟ್ಟಳೆಯನ್ನು ಸಂಸ್ಥೆ ತನಗೆ ತಾನೇ ಹಾಕಿಕೊಂಡಿತು.

ಹೈದರಾಬಾದಿನ ಎಚ್ಚರಿಕೆ

ಭಾಲ್ಕಿ, ಬೀದರಗಳ ಜನರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಇದೇ ವ್ಯಾಪಾರದ ಇನ್ನೊಂದು ಮುಖ ಕಂಡುದೂ ಅಲ್ಲಿಯೇ. 1987ರಲ್ಲಿ ಹೈದರಾಬಾದಿನಲ್ಲಿ ಬಿ. ರಾಮಲಿಂಗ ರಾಜು ಅವರು ಸತ್ಯಂ ಕಂಪ್ಯೂಟರ್ ಸರ್ವೀಸಸ್ ಸಂಸ್ಥೆಯನ್ನು ಆರಂಭಿಸಿದರು. ಅದೂ ಸಣ್ಣದಾಗಿಯೇ ಹುಟ್ಟಿ, ಶ್ರಮದಿಂದ ಬೆಳೆದು, 2001ರಲ್ಲಿ ನ್ಯೂಯಾರ್ಕ್ ಷೇರುಪೇಟೆಯ ಪಟ್ಟಿಗೆ ಸೇರಿತು. 2008ರ ಸೆಪ್ಟೆಂಬರಿನಲ್ಲಿ ಉತ್ತಮ ಆಡಳಿತಕ್ಕಾಗಿ ಅದಕ್ಕೆ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ದೊರೆಯಿತು.

2009ರ ಜನವರಿ 7ರಂದು ರಾಮಲಿಂಗ ರಾಜು ಅವರು ಪತ್ರವೊಂದರಲ್ಲಿ ಸತ್ಯವನ್ನು ಒಪ್ಪಿಕೊಂಡರು. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. 2008ರ ಸೆಪ್ಟೆಂಬರಿಗೆ ಕೊನೆಗೊಂಡ ಮೂರು ತಿಂಗಳಲ್ಲಿ 649 ಕೋಟಿ ಲಾಭವೆಂದು ತೋರಿಸಿದ್ದರೂ ವಾಸ್ತವದಲ್ಲಿ ಬಂದದ್ದು 61 ಕೋಟಿ. ಮೊದಲಿಗೆ ನಿಜಕ್ಕೂ ಪುಸ್ತಕಕ್ಕೂ ಇದ್ದ ಅಂತರ ಅಲ್ಪವಾಗಿದ್ದು, ವರ್ಷದಿಂದ ವರ್ಷಕ್ಕೆ ಬೆಳೆದು ಕೈಮೀರಿತೆಂದು ಅವರೇ ತಿಳಿಸಿದರು. ಏಳು ಸಾವಿರಕ್ಕೂ ಹೆಚ್ಚು ಸುಳ್ಳು ಬಿಲ್ಲುಗಳು ತನಿಖೆಯಲ್ಲಿ ಬೆಳಕಿಗೆ ಬಂದವು. ಆ ಒಂದೇ ದಿನ ಷೇರಿನ ಬೆಲೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಸರ್ಕಾರ ಹೊಸ ಆಡಳಿತ ಮಂಡಳಿಯನ್ನು ನೇಮಿಸಿತು. ಅದೇ ವರ್ಷ ಟೆಕ್ ಮಹೀಂದ್ರ ಸಂಸ್ಥೆ ಅದನ್ನು ಕೊಂಡಿತು. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ರಾಜು ಅವರಿಗೂ ಇತರರಿಗೂ ಏಳು ವರ್ಷಗಳ ಸೆರೆವಾಸ ವಿಧಿಸಿತು. ಆ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಲಾಯಿತು.

ಸಂಸ್ಥೆಯ ಹೆಸರೇ ಸತ್ಯ. ಹೆಸರಿನಲ್ಲಿದ್ದ ವ್ರತ ಪುಸ್ತಕದಲ್ಲಿ ಇರಲಿಲ್ಲ. ಈ ಪ್ರಸಂಗದಲ್ಲಿ ಹೆಚ್ಚು ಚಿಂತಿಸಬೇಕಾದುದು ಕೊನೆಯ ಸಾವಿರಾರು ಕೋಟಿಗಳನ್ನಲ್ಲ, ಮೊದಲ ಸಣ್ಣ ಅಂತರವನ್ನು. ಒಂದು ತ್ರೈಮಾಸಿಕದಲ್ಲಿ ಲಾಭ ಸ್ವಲ್ಪ ಕಡಿಮೆಯಾಯಿತೆಂದು ಹೇಳಲು ಬೇಕಾದ ನಮ್ರತೆ ಅಂದು ಇದ್ದಿದ್ದರೆ ಸಾವಿರಾರು ಮನೆಗಳ ನಿದ್ದೆ ಕೆಡುತ್ತಿರಲಿಲ್ಲ. ಮಾನಕಷಾಯವೇ ಇಲ್ಲಿ ಚೌರ್ಯದ ಬೀಜವಾಯಿತು. ಅತಿಚಾರವನ್ನು ಅತಿಚಾರದ ಮಟ್ಟದಲ್ಲಿಯೇ ತಡೆಯದಿದ್ದರೆ ಅದು ಅನಾಚಾರವಾಗಿ ವ್ರತವನ್ನೇ ಮುರಿಯುತ್ತದೆಂದು ಆಚಾರ್ಯರು ಎಚ್ಚರಿಸಿರುವುದು ಇದೇ ಕಾರಣಕ್ಕೆ.

ಇನ್ಫೋಸಿಸ್ ಕಳಂಕರಹಿತವೆಂದು ಹೇಳುವುದೂ ಸತ್ಯಕ್ಕೆ ಅಪಚಾರವಾದೀತು. ಅಮೆರಿಕಕ್ಕೆ ನೌಕರರನ್ನು ಕಳುಹಿಸುವ ವೀಸಾ ನಿಯಮಗಳ ವಿಷಯದಲ್ಲಿ ಎದ್ದ ಮೊಕದ್ದಮೆಯನ್ನು ಅದು 2013ರ ಅಕ್ಟೋಬರಿನಲ್ಲಿ 3 ಕೋಟಿ 40 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ವಂಚನೆಯ ಆರೋಪವನ್ನು ಸಂಸ್ಥೆ ನಿರಾಕರಿಸಿದರೂ ದಾಖಲೆಗಳಲ್ಲಿ ಲೋಪವಿದ್ದುದನ್ನು ಒಪ್ಪಿಕೊಂಡಿತು. ಹತ್ತು ಸಾವಿರ ರೂಪಾಯಿಯ ಮನೆ ಮೂರು ಲಕ್ಷ ಜನರಿಗೆ ಉದ್ಯೋಗ ಕೊಡುವಷ್ಟು ಬೆಳೆದಾಗ ಯಜಮಾನನ ಕಣ್ಣು ಎಲ್ಲ ಮೂಲೆಗೂ ತಲುಪುವುದಿಲ್ಲ. ಹಿಂದೆ ಪಾಲಿಸಿದ ವ್ರತದ ಪುಣ್ಯದಿಂದ ಇಂದಿನ ಲೆಕ್ಕ ತೀರುವುದೂ ಇಲ್ಲ.

ಐದು ಅತಿಚಾರಗಳು, ಹೊಸ ಅಂಗಡಿ

ಬೀದರ ಬಳಿಯ ಕಮಠಾಣದ ಪಾರ್ಶ್ವನಾಥ ಬಸದಿಯ ದರ್ಶನ ಮಾಡಿ ತಮ್ಮ ಸಂಸ್ಥೆಗೆ ನಾಂದಿ ಹಾಡಬೇಕೆನ್ನುವ ಯುವಕರಿಗೆ ಈ ಇತಿಹಾಸದಿಂದ ಯಾವ ಕಟ್ಟಳೆ ದೊರೆಯುತ್ತದೆ? ಆಚಾರ್ಯರು ಎಣಿಸಿದ ಐದು ಅತಿಚಾರಗಳನ್ನೇ ಹೊಸ ವ್ಯಾಪಾರಕ್ಕೆ ಹೊಂದಿಸಿ ನೋಡಬಹುದು.

ಹಳೆಯ ಧಣಿಯಲ್ಲಿದ್ದಾಗ ಬರೆದ ಪ್ರೋಗ್ರಾಮನ್ನಾಗಲಿ ಅವರ ಗಿರಾಕಿಗಳ ಗುಟ್ಟನ್ನಾಗಲಿ ತರುವಂತೆ ಹೊಸದಾಗಿ ಸೇರುವ ನೌಕರನನ್ನು ಕೇಳುವುದು ಕಳ್ಳತನಕ್ಕೆ ಕೊಡುವ ಪ್ರೇರಣೆ. ಹಣ ಉಳಿಸಲೆಂದು ಪರವಾನಗಿ ಇಲ್ಲದ ಸಾಫ್ಟ್‌ವೇರನ್ನು ಗಣಕಯಂತ್ರಕ್ಕೆ ಹಾಕಿಕೊಳ್ಳುವುದು ಕಳವಿನ ಮಾಲನ್ನು ಕೊಂಡುದಕ್ಕೆ ಸಮಾನ. ಎಲ್ಲರೂ ಹಾಗೆಯೇ ಮಾಡುತ್ತಾರೆಂಬ ಸಮಾಧಾನ ವ್ರತಕ್ಕೆ ಒಪ್ಪುವುದಿಲ್ಲ. ಬಿಲ್ಲಿಲ್ಲದೆ ಹಣ ಪಡೆದು ಜಿಎಸ್‌ಟಿ ತಪ್ಪಿಸುವುದು, ನೌಕರನ ಭವಿಷ್ಯನಿಧಿಯನ್ನು ಹಿಡಿದಿಟ್ಟು ಕಟ್ಟದಿರುವುದು ವಿರುದ್ಧರಾಜ್ಯಾತಿಕ್ರಮ. ಆರು ತಾಸು ಮಾಡಿದ ಕೆಲಸಕ್ಕೆ ಹತ್ತು ತಾಸಿನ ಬಿಲ್ಲು ಬರೆಯುವುದು ಸುಳ್ಳು ತೂಕ. ಈ ವ್ಯಾಪಾರದಲ್ಲಿ ತಾಸೇ ಸೇರು, ತಾಸೇ ಕಿಲೋ. ಅನುಭವಿ ಇಂಜಿನಿಯರನ ಹೆಸರು ತೋರಿಸಿ ದರ ಗೊತ್ತುಮಾಡಿ, ನಿನ್ನೆ ಕಲಿತ ಹುಡುಗನಿಂದ ಕೆಲಸ ಮಾಡಿಸಿ ಒಪ್ಪಿಸುವುದು ಕಲಬೆರಕೆ.

ಈ ಐದರಲ್ಲಿ ಒಂದನ್ನೂ ಗಿರಾಕಿ ತೂಗಿ ಹಿಡಿಯಲಾರನು. ಆದ್ದರಿಂದಲೇ ತೂಗುವ ಕೆಲಸ ಮಾರುವವನ ಪಾಲಿಗೆ ಬಂದಿದೆ. ತೊಗರಿಯ ವ್ಯಾಪಾರಿಗೆ ರೈತನ ಕಣ್ಣು ಕಾವಲಿದ್ದರೆ, ಸೇವೆಯ ವ್ಯಾಪಾರಿಗೆ ತನ್ನ ವ್ರತವೇ ಕಾವಲು. ಅದರ ಜೊತೆಗೆ ಹೊರಗಿನ ಕಾವಲನ್ನೂ ತಾನಾಗಿಯೇ ನೇಮಿಸಿಕೊಳ್ಳುವುದು ಜಾಣತನ. ದಿನದ ಕಿರ್ದಿಯನ್ನು ಆ ದಿನವೇ ಬರೆಯುವುದು, ಪಾಲುಗಾರರೆಲ್ಲರಿಗೂ ಖಾತೆಯನ್ನು ತೆರೆದಿಡುವುದು, ಗೊತ್ತಾದ ವಿಳಂಬವನ್ನು ಗಿರಾಕಿ ಕೇಳುವ ಮೊದಲೇ ತಿಳಿಸುವುದು, ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧಕರಿಗೆ ಯಾವುದನ್ನೂ ಮುಚ್ಚಿಡದೆ ತೋರಿಸುವುದು ಇವು ಸಣ್ಣ ಸಂಸ್ಥೆಗೂ ಸಾಧ್ಯವಾದ ನಡೆಗಳು. ಸಂಸ್ಥೆ ಸಣ್ಣದಿರುವಾಗಲೇ ಈ ಅಭ್ಯಾಸ ಬೀಳಬೇಕು. ಹತ್ತು ಸಾವಿರದ ಖಾತೆಯಲ್ಲಿ ನೂರು ರೂಪಾಯಿಯ ಅಂತರವನ್ನು ಸಹಿಸಿದವನು ಕೋಟಿಯ ಖಾತೆಯಲ್ಲಿ ಲಕ್ಷದ ಅಂತರವನ್ನು ಸಹಿಸಲು ಅಂದೇ ಕಲಿತಿರುತ್ತಾನೆ.

ಕಷ್ಟ ಎಲ್ಲ ಸಂಸ್ಥೆಗಳಿಗೂ ಬರುತ್ತದೆ. ಯಂತ್ರವಿಲ್ಲದ ವರ್ಷಗಳು, ಒಡೆದ ಪಾಲುಗಾರಿಕೆ, ಅರ್ಜಿ ಬಾರದ ಷೇರು, ಕೈಬಿಟ್ಟುಹೋದ ದೊಡ್ಡ ಗಿರಾಕಿ ಇವೆಲ್ಲವೂ ಇನ್ಫೋಸಿಸ್‌ನ ಖಾತೆಯಲ್ಲಿ ನಷ್ಟದ ಪುಟಗಳು. ಆ ಪುಟಗಳನ್ನು ಹರಿದು ಬಿಸಾಡದೆ ಉಳಿಸಿಕೊಂಡದ್ದರಿಂದ ಮುಂದಿನ ಪುಟಗಳನ್ನು ಜನ ನಂಬಿದರು. ಭಾತಂಬ್ರಾದಿಂದ ಹೊರಟ ಯುವಕನೊಬ್ಬನು ನಾಳೆ ಭಾಲ್ಕಿಯ ಒಂದು ಕೋಣೆಯಲ್ಲಿ ಎರಡು ಗಣಕಯಂತ್ರಗಳನ್ನಿಟ್ಟು ವ್ಯಾಪಾರ ಆರಂಭಿಸಿದರೆ, ಅವನ ಮೊದಲ ಬಂಡವಾಳ ಎಷ್ಟೆಂದು ಕೇಳುವವರು ಹಲವರಿರುತ್ತಾರೆ. ಅವನ ಮೊದಲ ಕಿರ್ದಿ ಪುಸ್ತಕವನ್ನು ತೆರೆದು ನೋಡುವ ಹಿರಿಯರು ಮನೆಯಲ್ಲಿ ಒಬ್ಬರಾದರೂ ಇರಲಿ.